ಊರ ದನದ ಎತ್ತರ

“ಎತ್ತರ ಎಷ್ಟು ಬರ್ತದೆ?” ಎಂದು ಅವಳು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಹಟ್ಟಿಯಲ್ಲಿ ಒಂದು ಕಾಲಕ್ಕೆ ಹನ್ನೊಂದು ದನಗಳಿದ್ದವು. ಒಂದರ ಎತ್ತರವನ್ನೂ ಯಾರೂ ಅಳೆದವರಲ್ಲ. ದನಕ್ಕೆ ಆಗ ಇದ್ದ ಅಳತೆಯೇ ಬೇರೆ. ಎಷ್ಟನೇ ಕರು, ಒದೆಯುತ್ತದಾ, ಬೇಲಿ ಹಾರುತ್ತದಾ, ಸಂಜೆ ತಾನಾಗಿ ಹಟ್ಟಿಗೆ ಬರುತ್ತದಾ ಅಥವಾ ಹುಡುಕಿಕೊಂಡು ಹೋಗಬೇಕಾ.

ಅವಳು ನನ್ನ ಶಾಲೆಯ ಗೆಳತಿ. ಪೆರ್ಲದಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಮದುವೆಯಾಗಿ ಬೆಂಗಳೂರಿಗೆ ಹೋದಳು, ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದಳು. ಕನಕಪುರ ರಸ್ತೆಯ ಕಡೆಯ ಒಂದು ಬಡಾವಣೆಯಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ, ಎದುರಿಗೆ ಕಾರು ನಿಲ್ಲಿಸುವ ಜಾಗ, ಒಬ್ಬಳೇ ಮಗಳು ಅಮೆರಿಕದಲ್ಲಿ. 2024ರ ಸಂಕ್ರಾಂತಿಗೆ ಪ್ರಧಾನಿ ದೆಹಲಿಯ ತಮ್ಮ ನಿವಾಸದಲ್ಲಿ ಪುಂಗನೂರು ದನಗಳಿಗೆ ಮೇವು ತಿನ್ನಿಸುವ ಚಿತ್ರ ಎಲ್ಲ ಕಡೆ ಬಂತಲ್ಲ, ಆಮೇಲೆ ಸೋಫಾದ ಪಕ್ಕ ನಿಂತ ಪುಟ್ಟ ಪುಟ್ಟ ದನಗಳ ವಿಡಿಯೊಗಳು ಇವಳ ಫೋನಿಗೆ ಬರಲು ಸುರುವಾದವು. ಆಂಧ್ರದ ದನ ಯಾಕೆ, ನಮ್ಮ ಊರಿನದ್ದೇ ಉಂಟಲ್ಲ, ಕಾಸರಗೋಡು ಗಿಡ್ಡ, ಎಂದು ಒಂದು ಭಾನುವಾರ ಬೆಳಿಗ್ಗೆ ಅವಳಿಗೆ ಹೊಳೆಯಿತು. ಮಧ್ಯಾಹ್ನದೊಳಗೆ ಅದಕ್ಕೆ ಗೌರಿ ಎಂದು ಹೆಸರಿಟ್ಟಾಗಿತ್ತು, ಗೆಜ್ಜೆಗೂ ಆರ್ಡರ್ ಹೋಗಿತ್ತು. ದನ ಒಂದು ಬಾಕಿ. ಅದನ್ನು ಒದಗಿಸಬೇಕಾದವಳು ನಾನು.

ಕೇಳಲಿಕ್ಕೆ ಮಾಡಿದ ಫೋನು ಅಲ್ಲ ಅದು, ಹೇಳಲಿಕ್ಕೆ ಮಾಡಿದ್ದು.

ಕಾಸರಗೋಡು ಗಿಡ್ಡ ಎಂಬ ಹೆಸರೇ ನಮ್ಮ ಬಾಲ್ಯದಲ್ಲಿ ಇರಲಿಲ್ಲ. ನಾವು ಹೇಳುತ್ತಿದ್ದದ್ದು ಊರ ದನ ಎಂದು. ಇರುವುದೆಲ್ಲ ಒಂದೇ ಜಾತಿಯಾದ್ದರಿಂದ ಬೇರೆ ಹೆಸರಿನ ಅಗತ್ಯವಿರಲಿಲ್ಲ. ಕಪ್ಪು, ಕಂದು, ಬೂದು, ಅಪರೂಪಕ್ಕೆ ಬಿಳಿ. ಬೆಳೆದ ಹಸುವೂ ಒಂದು ಮೀಟರಿನ ಆಸುಪಾಸು. ಎತ್ತರವನ್ನು ಆಮೇಲೆ ಓದಿ ತಿಳಿದದ್ದು. ಆಗ ಗೊತ್ತಿದ್ದದ್ದು ಇಷ್ಟೇ: ಅವು ಗುಡ್ಡೆ ಹತ್ತುವುದರಲ್ಲಿ ಆಡಿನ ಹಾಗೆ, ಬೇಲಿ ಹಾರುವುದರಲ್ಲಿ ಆಡಿಗಿಂತ ಒಂದು ಕೈ ಮೇಲೆ. ಹಾರುವ ದನದ ಕೊರಳಿಗೆ ಮುಂಗಾಲಿಗೆ ಬಡಿಯುವ ಹಾಗೆ ಮರದ ತುಂಡು ಕಟ್ಟುತ್ತಿದ್ದರು. ಅದನ್ನು ಕಟ್ಟಿಸಿಕೊಂಡೂ ಹಾರುವವು ಇದ್ದವು. ನೆರೆಮನೆಯ ಬಾಳೆಗಿಡ ತಿಂದು ಬಂದ ದಿನ ಅಪ್ಪನಿಗೂ ನೆರೆಯವರಿಗೂ ಮಾತು ಬೆಳೆಯುತ್ತಿತ್ತು. ನಮ್ಮ ಊರಿನ ಹಳೆಯ ಮುನಿಸುಗಳ ಪೈಕಿ ಒಂದಷ್ಟಕ್ಕಾದರೂ ಮೂಲ ದನವೇ.

ಅಷ್ಟೆಲ್ಲ ದನ ಯಾಕೆ ಸಾಕಿದರು ಎಂದರೆ, ಹಾಲಿಗೆಂದು ಅವಳು ಅಂದುಕೊಂಡಿದ್ದಾಳೆ. ಕರೆಯುವ ನಾಲ್ಕು ದನಗಳ ಹಾಲು ಸೇರಿಸಿದರೆ ಮನೆಯ ಕಾಫಿಗೆ, ಮಕ್ಕಳಿಗೆ, ಮಜ್ಜಿಗೆಗೆ ಹೇಗೋ ಸಾಕಾಗುತ್ತಿತ್ತು. ಒಂದೊಂದು ದನ ಕರುವಿಗೆ ಬಿಟ್ಟು ಒಂದು ಚೆಂಬು ಕೊಟ್ಟರೆ ದೊಡ್ಡದು. ನಾವು ದನ ಸಾಕಿದ್ದು ಸೆಗಣಿಗೆ. ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಹಟ್ಟಿ ಬೇಕು, ಹಟ್ಟಿಗೆ ಹಾಸಲು ಸೊಪ್ಪು ಬೇಕು, ಸೊಪ್ಪಿಗೆ ಗುಡ್ಡೆ ಬೇಕು. ಮಳೆಗಾಲದಲ್ಲಿ ತಿನ್ನಲು ಬೈಹುಲ್ಲು ಬೇಕು, ಅದಕ್ಕೆ ಗದ್ದೆ ಬೇಕು. ಗದ್ದೆಯಲ್ಲಿ ಎಣೇಲು, ಸುಗ್ಗಿ, ನೀರಿದ್ದ ಕಡೆ ಕೊಳಕೆ. ಗುಡ್ಡೆಯೆಂದರೆ ಕುಮ್ಕಿ. ದಕ್ಷಿಣ ಕನ್ನಡ ಜಿಲ್ಲೆಯಾಗಿದ್ದ ಕಾಲದಿಂದ ಬಂದ ಹಕ್ಕು ಅದು. ವರ್ಗ ಜಾಗದಿಂದ ನಾಲ್ಕೂವರೆ ಚೈನಿನ ಒಳಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು ಕಡಿಯಬಹುದು, ದನ ಮೇಯಿಸಬಹುದು. ಜಾಗ ಮಾತ್ರ ನಮ್ಮದಲ್ಲ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ದನಗಳಿಗೆ ಅದು ಗೊತ್ತಾಗಲಿಲ್ಲ, ಅವು ಅದೇ ಗುಡ್ಡೆಗೆ ಹೋಗಿ ಬರುತ್ತಿದ್ದವು.

ಹೀಗೆ ಬರೆಯುವಾಗ ಎಲ್ಲ ಸರಿಯಾಗಿ, ಚೆಂದವಾಗಿ ನಡೆಯುತ್ತಿತ್ತು ಎಂಬ ಹಾಗೆ ಕೇಳುತ್ತದೆ. ಅಮ್ಮನನ್ನು ಕೇಳಿದ್ದರೆ ಬೇರೆ ಹೇಳುತ್ತಿದ್ದಳು. ದನ ತರುವ ನಿರ್ಧಾರ ಅಪ್ಪನದ್ದು, ಸೆಗಣಿ ತೆಗೆಯುವ ಕೆಲಸ ಅಮ್ಮನದ್ದು. ನಸುಕಿಗೆ ಎದ್ದು ಅಕ್ಕಚ್ಚು ಬಿಸಿ ಮಾಡಿ, ತೌಡು ಕಲಸಿ, ಹಾಲು ಕರೆದು, ದನ ಗುಡ್ಡೆಗೆ ಬಿಟ್ಟ ಮೇಲೆ ಅವಳ ಮೊದಲ ಲೋಟ ಕಾಫಿ. ಆಟಿ ತಿಂಗಳಲ್ಲಿ ಮಳೆ ಹಿಡಿದರೆ ಬಿಡುವ ಮಾತಿಲ್ಲ, ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಬೀಳುವ ಊರು ನಮ್ಮದು. ದನಗಳು ಹಟ್ಟಿಯಲ್ಲೇ ನಿಲ್ಲುತ್ತಿದ್ದವು. ಒದ್ದೆ ಸೊಪ್ಪು, ಮೂತ್ರ, ಉಣುಗು, ನೊಣ. ಅಮ್ಮನ ಕಾಲಿನ ಬೆರಳ ಸಂದಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗುಣವಾದದ್ದನ್ನು ನಾನು ನೋಡಿಲ್ಲ. ತವರುಮನೆಗೆ ಹೋದರೂ ಹಾಲು ಕರೆಯುವ ಹೊತ್ತಿಗೆ ಹಿಂದೆ ಬರುತ್ತಿದ್ದಳು. ಅಮ್ಮನಿಗೆ ದನದ ಮೇಲೆ ಪ್ರೀತಿ ಇತ್ತಾ ಎಂದು ಮೊಮ್ಮಕ್ಕಳು ಕೇಳುತ್ತಾರೆ. ಇದ್ದಿರಬಹುದು. ಬೈಗುಳವೂ ಬೇಕಾದಷ್ಟಿತ್ತು.

ಹೋರಿ ಕರುಗಳ ವಿಷಯ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಉಳುವುದಕ್ಕೆ ಬೇಕಾದ ಒಂದೆರಡನ್ನು ಇಟ್ಟುಕೊಳ್ಳುತ್ತಿದ್ದರು. ಉಳಿದವು ಹಾಲು ಕಮ್ಮಿಯಾದ ದಿನಗಳಲ್ಲಿ ಸೊರಗುತ್ತಿದ್ದವು, ಬದುಕಿದರೆ ದಲ್ಲಾಳಿಗೆ. ಮುದಿ ದನವೂ ಅವನಿಗೇ. ದಲ್ಲಾಳಿ ಬಂದು ಕಾಫಿ ಕುಡಿದು, ಹಲ್ಲು ನೋಡಿ, ಹಣ ಎಣಿಸುತ್ತಿದ್ದ. ದನದ ಜೊತೆ ನಮ್ಮ ಮನೆಯ ಕಣ್ಣಿಯನ್ನು ಕೊಡುವ ಕ್ರಮವಿರಲಿಲ್ಲ. ಅವನು ತಂದ ಹಗ್ಗ ಹಾಕಿ, ನಮ್ಮದನ್ನು ಬಿಚ್ಚಿ, ಅಮ್ಮ ಅದನ್ನು ಮೊಳೆಗೆ ನೇತುಹಾಕಿ ಒಳಗೆ ಹೋಗುತ್ತಿದ್ದಳು. ದನ ಎಲ್ಲಿಗೆ ಹೋಯಿತು ಎಂದು ಚಿಕ್ಕಂದಿನಲ್ಲಿ ಒಮ್ಮೆ ಕೇಳಿದ್ದೆ. “ಘಟ್ಟಕ್ಕೆ” ಎಂದಿದ್ದಳು. ಘಟ್ಟದಲ್ಲಿ ಎಷ್ಟು ದನಗಳಿರಬಹುದು ಎಂದು ಆಶ್ಚರ್ಯಪಟ್ಟದ್ದು ನೆನಪುಂಟು.

ಇದನ್ನೆಲ್ಲ ಅವಳಿಗೆ ಫೋನಿನಲ್ಲಿ ಹೇಳಿದೆ. “ನಾನು ದಲ್ಲಾಳಿಗೆ ಕೊಡ್ಲಿಕ್ಕೆ ಸಾಕುದಲ್ಲ ಮಾರಾಯ್ತಿ” ಎಂದಳು. ಅದು ಸರಿಯೇ. ಆದರೆ ನನ್ನ ಚಿಂತೆ ಅವಳ ಮನಸ್ಸಿನ ಬಗ್ಗೆ ಆಗಿರಲಿಲ್ಲ, ಅವಳ ಕಾರು ನಿಲ್ಲಿಸುವ ಜಾಗದ ಬಗ್ಗೆ.

ಊರ ದನ ಗಿಡ್ಡವಾದದ್ದು ಮುದ್ದಾಗಿ ಕಾಣಲಿಕ್ಕೆ ಅಲ್ಲ. ಕಡಿದಾದ ಗುಡ್ಡೆ, ಸತ್ವವಿಲ್ಲದ ಮುಳಿಹುಲ್ಲು, ನಾಲ್ಕು ತಿಂಗಳ ಮಳೆ, ಇಷ್ಟರಲ್ಲಿ ಬದುಕಲು ಎಷ್ಟು ದೇಹ ಸಾಕೋ ಅಷ್ಟನ್ನು ಅದು ಇಟ್ಟುಕೊಂಡಿತು. ಆ ಗುಡ್ಡೆಯೇ ಈಗ ಇಲ್ಲ. ಮೊದಲು ಗೇರು ಬಂತು, ಆಮೇಲೆ ರಬ್ಬರು. ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಥೆ ಎಣ್ಮಕಜೆಯ ಹೆಸರನ್ನು ಲೋಕಕ್ಕೆಲ್ಲ ತಿಳಿಸಿತು. ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದು 2011ರಲ್ಲಿ. ಆ ಕಥೆಯಲ್ಲಿ ಮನುಷ್ಯರ ಪಾಡು ಎಲ್ಲರಿಗೂ ಗೊತ್ತು. ಆದರೆ ಮೊದಲ ಸುಳಿವು ಕೊಟ್ಟವು ದನಗಳು. ಕಾಲು ಸೊಟ್ಟಗಾದ ಕರುಗಳು ಹುಟ್ಟುತ್ತಿವೆ ಎಂದು ಬಲು ಹಿಂದೆಯೇ ಬರೆದವರು ನಮ್ಮವರೇ ಆದ ಪತ್ರಕರ್ತ ಶ್ರೀಪಡ್ರೆ. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ರೋಗಿಗಳ ಲೆಕ್ಕ ಇಟ್ಟು ಕೇಳತೊಡಗಿದ್ದು ಆಮೇಲೆ. ಹೆಲಿಕಾಪ್ಟರ್ ಬರುವ ದಿನ ಬಾವಿ ಮುಚ್ಚಿ, ದನ ಹೊರಗೆ ಬಿಡಬೇಡಿ ಎಂದು ಹೇಳಿ ಕಳಿಸುತ್ತಿದ್ದರು. ಮರುದಿನದಿಂದ ಬಿಡುತ್ತಿದ್ದೆವು. ಹುಲ್ಲು ಒಂದೇ ರಾತ್ರಿಯಲ್ಲಿ ಒಳ್ಳೆಯದಾಗುತ್ತದೆ ಎಂದು ನಂಬಲು ಬೇರೆ ಯಾವ ಕಾರಣವೂ ಇರಲಿಲ್ಲ, ಹಟ್ಟಿಯಲ್ಲಿ ಬೈಹುಲ್ಲು ಮುಗಿದಿತ್ತು ಎಂಬುದನ್ನು ಬಿಟ್ಟು.

ಗದ್ದೆಯೂ ಹೋಯಿತು. ಅಡಿಕೆಗೆ ರೇಟು ಬಂದ ವರ್ಷಗಳಲ್ಲಿ ಗದ್ದೆಗೆ ಮಣ್ಣು ಹಾಕಿ ಸಸಿ ಇಟ್ಟರು, ಅಪ್ಪನೂ ಇಟ್ಟ. ಗದ್ದೆಯನ್ನು ತೋಟ ಮಾಡಬಾರದು ಎಂಬ ಕಾನೂನು ಕೇರಳದಲ್ಲಿ ಬಂದದ್ದು 2008ರಲ್ಲಿ. ಅಷ್ಟರಲ್ಲಿ ನಮ್ಮ ಬೈಲಿನಲ್ಲಿ ಉಳಿಸಲು ಗದ್ದೆಯೇ ಇರಲಿಲ್ಲ. ಬೈಹುಲ್ಲು ಈಗ ಲಾರಿಯಲ್ಲಿ ಗಡಿ ಆಚೆಯಿಂದ ಬರುತ್ತದೆ.

ಇನ್ನು ಹೋರಿ. 1961ರಲ್ಲಿ ಕೇರಳ ಒಂದು ಕಾನೂನು ಮಾಡಿತು. ಪರವಾನಗಿ ಇಲ್ಲದೆ ಬೀಜದ ಹೋರಿ ಇಟ್ಟುಕೊಳ್ಳುವಂತಿಲ್ಲ, ಊರ ಹೋರಿಗಳ ಬೀಜ ಒಡೆಸಬೇಕು. ಹಾಲು ಹೆಚ್ಚಾಗಬೇಕು ಎಂಬುದು ಉದ್ದೇಶ. ಹಾಲು ಹೆಚ್ಚಾದದ್ದೂ ಹೌದು. ತೆಂಕಣ ಕೇರಳದ ವೆಚ್ಚೂರು ದನ ಹೆಚ್ಚುಕಡಿಮೆ ಇಲ್ಲವೇ ಆಗಿತ್ತು. 1989ರಲ್ಲಿ ಮಣ್ಣುತ್ತಿಯ ಪಶುವೈದ್ಯ ಕಾಲೇಜಿನ ಸೋಸಮ್ಮ ಐಪ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಊರೂರು ಅಲೆದು ಉಳಿದದ್ದನ್ನು ಹುಡುಕಿ ತಂದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಕಡೆ ರಾಜಧಾನಿಯಿಂದ ದೂರ, ಹೇಳಿ ಕೇಳುವವರು ಕಮ್ಮಿ. ಗುಡ್ಡೆಯಲ್ಲಿ ಮೇಯುವ ಹೋರಿಯನ್ನು ಹಿಡಿಯಲು ಯಾರು ಬರುತ್ತಾರೆ? ಊರ ದನ ಸ್ವಲ್ಪವಾದರೂ ಉಳಿದದ್ದಕ್ಕೆ ಸರ್ಕಾರದ ಅಸಡ್ಡೆಗೂ ಒಂದು ಪಾಲು ಸಲ್ಲಬೇಕೋ ಏನೋ. ಈಗ ಪೆರ್ಲದ ಹತ್ತಿರ ಬಜಕೂಡ್ಲಿನಲ್ಲಿ ರಾಮಚಂದ್ರಾಪುರ ಮಠದ ಅಮೃತಧಾರಾ ಗೋಶಾಲೆಯಲ್ಲಿ ಅವುಗಳನ್ನು ಕಾಪಾಡುತ್ತಿದ್ದಾರೆ. ನೋಡಲು ಶಾಲೆಯ ಮಕ್ಕಳು ಹೋಗುತ್ತಾರೆ. ನಾವು ಬೈದು ಓಡಿಸುತ್ತಿದ್ದ ದನ ನೋಡಲಿಕ್ಕೆ ಹೋಗುವ ಕಾಲ ಇದು.

ನಮ್ಮ ಹಟ್ಟಿಗೆ ಜರ್ಸಿ ಬಂದದ್ದು ಬ್ಯಾಂಕ್ ಸಾಲದಲ್ಲಿ. ಒಂದು ಹೊತ್ತಿಗೆ ಕೊಟ್ಟ ಹಾಲನ್ನು ನೋಡಿ ಅಮ್ಮ ಪಾತ್ರೆ ಸಾಲದೆ ಗಾಬರಿಯಾಗಿದ್ದಳು. ಅದಕ್ಕೆ ಹಿಂಡಿ, ಅದಕ್ಕೆ ಫ್ಯಾನು, ಅದಕ್ಕೆ ಜ್ವರ, ಡಾಕ್ಟರಿಗೆ ಜೀಪು. ಊರ ದನಗಳು ಒಂದೊಂದಾಗಿ ಕಣ್ಣಿ ಬಿಚ್ಚಿಸಿಕೊಂಡವು. ಆ ವರ್ಷಗಳಲ್ಲಿ ಅವುಗಳಿಗಾಗಿ ನಾನು ಅತ್ತದ್ದಿಲ್ಲ. ಹಾಲಿನ ಸೊಸೈಟಿಯ ಹಣದಲ್ಲಿ ನನಗೆ ಕಾಲೇಜಿನ ಫೀಸು ಕಟ್ಟಿದರು.

ಇಷ್ಟು ಹಿಂದಿನ ಕಥೆ ಅವಳಿಗೆ ಬೇಡವಿತ್ತು. ಹಾಗಾಗಿ ಮುಂದಿನದ್ದನ್ನು ಹೇಳಿದೆ. ಹದಿನೆಂಟು, ಇಪ್ಪತ್ತು ವರ್ಷ ಬದುಕುವ ಪ್ರಾಣಿ, ಈಗ ನಮಗೆ ಅರುವತ್ತಮೂರು, ಕೂಡಿಸಿ ನೋಡು. ಗಡಸು ಬೆದೆಗೆ ಬಂದರೆ ರಾತ್ರಿಯಿಡೀ ಕೂಗುತ್ತದೆ, ಮೂರು ವಾರಕ್ಕೊಮ್ಮೆ. ನಿಮ್ಮ ಬಡಾವಣೆಯವರು ಮೊದಲನೇ ಸಲ ನಗುತ್ತಾರೆ, ಮೂರನೇ ಸಲ ಪೊಲೀಸರಿಗೆ ಫೋನು ಮಾಡುತ್ತಾರೆ. ಗಬ್ಬ ಕಟ್ಟಿಸಬೇಕಾದರೆ ಗಿಡ್ಡ ಹೋರಿಯ ಬೀಜವೇ ಬೇಕು. ದೊಡ್ಡ ತಳಿಯದ್ದು ಕೊಡಿಸಿದರೆ ಕರು ದೊಡ್ಡದಾಗಿ ಹೆರುವಾಗ ಸಿಕ್ಕಿಬಿದ್ದು ತಾಯಿಯೇ ಹೋಗಬಹುದು. ಕರು ಹಾಕದಿದ್ದರೆ ಹಾಲಿಲ್ಲ. ಕರು ಹಾಕಿದರೆ ಎರಡಾಯಿತು, ಅದು ಹೋರಿಯಾದರೆ? ಹಬ್ಬಕ್ಕೆ ಒಂದು ದಿನ ಸೆಗಣಿ ಬೇಕು ಎಂದು ಪಕ್ಕದವರು ಕೇಳಿಯಾರು, ಉಳಿದ ಮುನ್ನೂರ ಅರುವತ್ತನಾಲ್ಕು ದಿನದ್ದನ್ನು ಎಲ್ಲಿಗೆ ಹಾಕುತ್ತಿ? ಸಾರಡ್ಕದಲ್ಲಿ ಗಡಿ ದಾಟಿಸಲು ಪಶುವೈದ್ಯರ ಸರ್ಟಿಫಿಕೇಟು ಬೇಕು, ಅದು ಇದ್ದರೂ ದಾರಿಯಲ್ಲಿ ದನದ ವಾಹನ ಅಡ್ಡಗಟ್ಟುವವರಿಗೆ ಬೇರೆ ಉತ್ತರ ಕೊಡಬೇಕು. ಮಗಳ ಬಾಣಂತನಕ್ಕೆ ಆರು ತಿಂಗಳು ಅಮೆರಿಕಕ್ಕೆ ಹೋಗುವಾಗ ಕಣ್ಣಿಯನ್ನು ಯಾರ ಕೈಗೆ ಕೊಡುತ್ತಿ?

ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಗೆದ್ದೆ ಎಂದುಕೊಂಡೆ.

“ನಿನ್ನ ಕೊನೇ ದನ ಎಲ್ಲಿಗೆ ಕೊಟ್ಟದ್ದು?” ಎಂದು ಕೇಳಿದಳು.

ಚೋಮು ಎಂದು ಅದರ ಹೆಸರು. ಗಂಡನ ಮನೆಗೆ ನಾನು ಬಂದಮೇಲೆ ಉಳಿದಿದ್ದ ಊರ ದನಗಳ ಸಂತಾನದಲ್ಲಿ ಕೊನೆಯದ್ದು. 2009ರ ಮಳೆಗಾಲಕ್ಕೆ ಮೊದಲು ಕೊಟ್ಟೆ. ಮೊಣಗಂಟು ನೋವು, ಮಕ್ಕಳಿಬ್ಬರೂ ಹೊರಗೆ, ಕೆಲಸಕ್ಕೆ ಜನ ಇಲ್ಲ, ಕಾರಣಗಳೆಲ್ಲ ನಿಜ. ಯಾರಿಗೆ ಕೊಟ್ಟೆ ಎಂಬುದೂ ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಕೇಳಿದ್ದು. ಆ ವರ್ಷ ಅವಳು ಊರಿಗೆ ಬಂದಿದ್ದಾಗ ನಾನೇ ಹೇಳಿದ್ದೆ, ಘಟ್ಟಕ್ಕೆ ಹೋಯಿತು ಎಂದು. ಇಬ್ಬರೂ ನಕ್ಕಿದ್ದೆವು. ಹಟ್ಟಿಯಲ್ಲಿ ಈಗ ಗಂಡನ ಸ್ಕೂಟರು, ಅಡಿಕೆ ಸುಲಿಯುವ ಯಂತ್ರ, ಒಂದು ಮೂಲೆಯಲ್ಲಿ ಒಡೆದ ಸಿಂಟೆಕ್ಸ್ ಟ್ಯಾಂಕಿ. ಗೊಬ್ಬರ ಗೋಣಿಯಲ್ಲಿ ಬರುತ್ತದೆ, ಹಾಲು ಪ್ಯಾಕೆಟಿನಲ್ಲಿ.

ಆಮೇಲೆ ನಮ್ಮಿಬ್ಬರ ನಡುವೆ ಎರಡು ತಿಂಗಳು ಮಾತಿರಲಿಲ್ಲ. ಅವಳ ವಾಟ್ಸ್ಯಾಪ್ ಚಿತ್ರದಲ್ಲಿ ಯಾರದ್ದೋ ಪುಂಗನೂರು ದನ ಇತ್ತು. ಅದೊಂದನ್ನು ದಿನಾ ನೋಡುತ್ತಿದ್ದೆ.

ಡಿಸೆಂಬರಿನಲ್ಲಿ ಒಂದು ಮದುವೆಗೆಂದು ಬಂದವಳು ನೇರ ನಮ್ಮ ಮನೆಗೆ ಬಂದಳು. ಜಗಳದ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಮರುದಿನ ಕಾಟುಕುಕ್ಕೆ ಕಡೆಯ ಒಂದು ಮನೆಗೆ ಹೋದೆವು. ಅಲ್ಲಿ ಐದು ಊರ ದನಗಳಿವೆ ಎಂದು ಗೊತ್ತಿತ್ತು. ಗಂಡ ತೀರಿಹೋದ ಹೆಂಗಸೊಬ್ಬರು ಸಾಕುತ್ತಾರೆ. ಮಗ ಬೇಡ ಎನ್ನುತ್ತಾನೆ, ಅವರು ಬಿಡುವುದಿಲ್ಲ. ನನ್ನ ಗೆಳತಿ ಬಾಳೆಹಣ್ಣು ಸುಲಿದು ಕೈ ಚಾಚಿ ಕೂತಳು. ಕಪ್ಪು ಗಡಸೊಂದು ಎರಡು ಹೆಜ್ಜೆ ಮುಂದೆ ಬಂತು, ಮೂಸಿತು, ಫಕ್ಕನೆ ಹಿಂದಕ್ಕೆ ಹಾರಿ ತಾಯಿಯ ಬದಿಗೆ ನಿಂತಿತು. ತಾಯಿ ಕೊಂಬು ತಗ್ಗಿಸಿತು. ಒಂದು ಮೀಟರ್ ಎತ್ತರದ ದನದ ಕೊಂಬು ಕೂತವರ ಎದೆಯ ಮಟ್ಟಕ್ಕೆ ಬರುತ್ತದೆ. ಇವಳು ಎದ್ದಳು. ಸೀರೆಯ ಅಂಚು ಸೆಗಣಿಯಾಗಿತ್ತು, ಅದನ್ನು ಅವಳು ಗಮನಿಸಲಿಲ್ಲವೋ, ಗಮನಿಸದ ಹಾಗೆ ಮಾಡಿದಳೋ.

“ಒಂದನ್ನೇ ಆದ್ರೆ ನಾನು ಕೊಡುದಿಲ್ಲ ಅಕ್ಕ” ಎಂದರು ಆ ಹೆಂಗಸು. “ಒಂದೇ ಆದ್ರೆ ಕೂಗಿ ಕೂಗಿ ಸೊರಗ್ತದೆ. ಕೊಂಡೋಗುದಾದ್ರೆ ಎರಡು ಕೊಂಡೋಗಿ. ಜಾಗ ಉಂಟಲ್ಲ?”

ಗೆಳತಿ ಉಂಟು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಗಡಸನ್ನೇ ನೋಡುತ್ತಿದ್ದಳು. ಹಿಂದೆ ಬರುವಾಗ ಪೆರ್ಲದಲ್ಲಿ ಕಾಫಿ ಕುಡಿದೆವು. ಅಮ್ಮ ಇದ್ದಾಗ ತಮ್ಮ ಮನೆಯಲ್ಲಿ ಎಷ್ಟು ದನ ಇದ್ದವು ಎಂದು ಲೆಕ್ಕ ಹಾಕಲು ನೋಡಿದಳು. ಹೆಸರುಗಳು ಬಂದವು, ಬಣ್ಣಗಳು ಬಂದವು, ಲೆಕ್ಕ ಸೇರಲಿಲ್ಲ. “ನಾನು ಹಟ್ಟಿಗೆ ಹೋದದ್ದೇ ಕಮ್ಮಿ” ಎಂದಳು. “ಓದ್ಲಿಕ್ಕುಂಟು ಹೇಳಿ ಅಮ್ಮ ಕಳಿಸ್ತಿರ್ಲಿಲ್ಲ.”

ಅವಳ ಮನೆಯಲ್ಲಿ ಈಗ ಅಣ್ಣ, ಅತ್ತಿಗೆ ಇಬ್ಬರೇ. ತೋಟದ ಕೆಳಗೆ ಹಳೆಯ ಹಟ್ಟಿ ಉಂಟು, ಮಾಡಿನ ಹಂಚು ಅರ್ಧ ಜಾರಿದೆ. ಅದನ್ನು ಸರಿಮಾಡಿಸಲು ಎಷ್ಟಾದೀತು ಎಂದು ಅಣ್ಣನಲ್ಲಿ ಕೇಳಿದ್ದಾಳೆಂದು ಆಮೇಲೆ ತಿಳಿಯಿತು. ಅಣ್ಣ ಏನೆಂದರೋ ಗೊತ್ತಿಲ್ಲ. ಅತ್ತಿಗೆ ಏನೆಂದಿರಬಹುದು ಎಂದು ಊಹಿಸಬಲ್ಲೆ. ಸೆಗಣಿ ತೆಗೆಯಬೇಕಾದವರು ಅವರು. “ಅಣ್ಣನಲ್ಲಿ ಅಲ್ಲ, ಅತ್ತಿಗೆಯಲ್ಲಿ ಕೇಳು” ಎಂದು ಮೆಸೇಜು ಮಾಡಿದೆ. ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ.

ಮೊನ್ನೆ ರಾತ್ರಿ ಒಂಬತ್ತೂವರೆಗೆ ಮತ್ತೆ ಫೋನು. ಗೌರಿಯ ಹೆಸರು ಎತ್ತಲಿಲ್ಲ, ವಿಡಿಯೊ ಕಳಿಸಲಿಲ್ಲ.

“ಬೈಹುಲ್ಲು ಕಟ್ಟಿನ ಲೆಕ್ಕದಲ್ಲಿ ಕೊಡುದಾ, ಕಿಲೋ ಲೆಕ್ಕದಲ್ಲಿ ಕೊಡುದಾ?”

ಕಟ್ಟಿನ ಲೆಕ್ಕ ಎಂದೆ. ಮಳೆಗಾಲಕ್ಕೆ ಬೇಕಾದದ್ದನ್ನು ಮಾರ್ಚಿನೊಳಗೆ ಇಳಿಸಿಡಬೇಕು, ಆಮೇಲೆ ರೇಟು ಏರುತ್ತದೆ, ಒದ್ದೆಯದ್ದು ಬರುತ್ತದೆ. ಎರಡು ದನಕ್ಕೆ ಎಷ್ಟು ಕಟ್ಟು ಬೇಕಾದೀತು ಎಂದು ಕೇಳಿದಳು. ಲೆಕ್ಕ ಮಾಡಿ ಬೆಳಿಗ್ಗೆ ಹೇಳುತ್ತೇನೆ ಎಂದೆ.